ಪಿಕಪ್ ಮೇಲಿನ ಅಲ್ಯೂಮಿನಿಯಂ ಕ್ಯಾರಿಯರ್: ಭಾರಕ್ಕೆ ಸೈ, ಗಡಗಡ ಸದ್ದಿಗೆ ಮದ್ದು ಬೇಕು

ಡಬಲ್ ಕ್ಯಾಬ್ ಪಿಕಪ್‌ನ ಮೇಲೆ ಕೂರುವ, ಬಿಡಿಭಾಗಗಳಾಗಿ ಬಂದು ಬೋಲ್ಟ್ ಹಾಕಿ ಜೋಡಿಸಬೇಕಾದ ಅಲ್ಯೂಮಿನಿಯಂ ಕ್ಯಾರಿಯರ್ ಇದು. ಎರಡು ಪಕ್ಕದ ರೇಲ್, ನಡುವೆ ಅಡ್ಡಪಟ್ಟಿಗಳು, ಕೆಳಗೆ ಆರು ಕಾಲು, ಮುಂದೆ ಒಂದು ಗಾಳಿತಡೆ. ವರ್ಷಗಟ್ಟಲೆ ಬಿಸಿಲು ಮಳೆ ತಿಂದರೂ ಪೌಡರ್ ಕೋಟಿಂಗ್ ಎದ್ದಿಲ್ಲ, ಪಟ್ಟಿ ಬಾಗಿಲ್ಲ. ತಕರಾರು ಸದ್ದಿನದು ಮಾತ್ರ. ಹೊಸದರಲ್ಲಿ ತೆಪ್ಪಗಿರುತ್ತದೆ, ನಾಲ್ಕು ಕೆಟ್ಟ ರಸ್ತೆ ಕಂಡ ಮೇಲೆ ಗಡಗಡ ಶುರು. ಕೈಪಿಡಿ ಹೇಳುವುದು 'ಬೋಲ್ಟ್‌ಗಳನ್ನು ಬಿಗಿಗೊಳಿಸಿ' ಎಂದಷ್ಟೇ. ಅಷ್ಟಕ್ಕೇ ನಿಲ್ಲುವ ಸದ್ದಲ್ಲ ಇದು.

ಸ್ಪ್ಯಾನರ್ ಹಿಡಿಯುವ ಮೊದಲು ಯಾವ ಬಗೆಯ ಸದ್ದು ಎಂದು ತಿಳಿಯಬೇಕು. ನುಣ್ಣನೆಯ ರಸ್ತೆಯಲ್ಲೂ ವೇಗದ ಜೊತೆ ಏರುವ ಸುಯ್‌ಗುಟ್ಟುವಿಕೆ ಗಾಳಿಯದು, ಅದಕ್ಕೆ ಬೋಲ್ಟ್ ಬಿಗಿ ಮಾಡಿ ಏನೂ ಪ್ರಯೋಜನವಿಲ್ಲ. ಗುಂಡಿಗೆ ಬಿದ್ದಾಗ ಕೇಳುವ ಟಕ್ ಟಕ್ ಲೋಹದ್ದು. ತಿರುವಿನಲ್ಲಿ ಬರುವ ಕಿರಕಿರ ಹೆಚ್ಚಾಗಿ ಕಾಲಿನ ಪ್ಯಾಡಿಗೂ ಬಣ್ಣಕ್ಕೂ ನಡುವೆ ಸೇರಿದ ಮಣ್ಣಿನದು. ತೊಳೆದರೆ ಹೋಗುತ್ತದೆ, ಹಾಗೇ ಬಿಟ್ಟರೆ ಬಣ್ಣ ಸವೆಯುತ್ತದೆ.

ಒಳಗೆ ಕೂತು ಸದ್ದು ಎಲ್ಲಿಂದ ಎಂದು ಊಹಿಸಬೇಡಿ. ಕ್ಯಾಬಿನ್‌ನ ತಗಡು ತಮಟೆಯ ಹಾಗೆ, ಒಂದು ಮೂಲೆಯ ಏಟನ್ನು ಇಡೀ ಮೈಯಲ್ಲಿ ನುಡಿಸುತ್ತದೆ. ಹಿಂದಿನ ಕಾಲು ಸಡಿಲವಾಗಿದ್ದರೂ ಸದ್ದು ಚಾಲಕನ ತಲೆಯ ಮೇಲೇ ಬಂದಂತೆ ಅನಿಸುತ್ತದೆ. ಗಾಡಿ ನಿಲ್ಲಿಸಿ, ಒಂದು ಕೈಯ ಬೆರಳನ್ನು ಜೋಡಣೆಯ ಸಂದಿನ ಮೇಲಿಟ್ಟು ಇನ್ನೊಂದು ಅಂಗೈಯಿಂದ ಪಟ್ಟಿಯನ್ನು ಗುದ್ದಿ. ಎರಡು ಭಾಗಗಳು ಬೇರೆ ಬೇರೆಯಾಗಿ ಅಲುಗಿದರೆ ಬೆರಳಿಗೆ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಬಿಡಿ ಸಾಮಾನು ತೆಗೆಯಿರಿ: ಪಟ್ಟಿಯ ಉದ್ದಕ್ಕೂ ಇರುವ ಸ್ಲಾಟ್‌ನೊಳಗೆ (ಗಾಡಿಯಂಥ ಸೀಳು) ಉಳಿದ ಖಾಲಿ ಟಿ-ನಟ್ (ಅದರೊಳಗೆ ಜಾರುವ ಟಿ ಆಕಾರದ ನಟ್), ರೇಲ್ ತುದಿಯ ಪ್ಲಾಸ್ಟಿಕ್ ಮುಚ್ಚಳ, ಲೈಟಿನ ಬ್ರಾಕೆಟ್, ಬೆಲ್ಟಿನ ಬಕಲ್. ಒಂದೇ ಒಂದು ಟಿ-ನಟ್ ಟೊಳ್ಳು ಪಟ್ಟಿಯೊಳಗೆ ಅತ್ತಿತ್ತ ಓಡಾಡಿ ಇಡೀ ಕ್ಯಾರಿಯರೇ ಕಳಚಿ ಬಿದ್ದಂತೆ ಸದ್ದು ಮಾಡಬಲ್ಲದು.

ಗಾಳಿತಡೆಯೂ ದೊಡ್ಡ ಗಲಾಟೆಕೋರ. ಅದರ ಕೆಳ ಅಂಚು ತಗಡಿಗೆ ತಾಗಲೇಬಾರದು, ಬೆರಳು ತೂರುವಷ್ಟು ಸಂದು ಇರಲಿ. ಅದು ಅಡ್ಡಪಟ್ಟಿಗೆ ಒರಗುವ ಕಡೆ 3 ಮಿ.ಮೀ. ದಪ್ಪದ ಇಪಿಡಿಎಂ (ಬಿಸಿಲು ಮಳೆ ತಾಳುವ ಒಂದು ಬಗೆಯ ರಬ್ಬರ್) ಫೋಮ್ ಟೇಪ್ ಅಂಟಿಸಿ. ಮಾಮೂಲಿ ಸ್ಪಂಜಿನ ಟೇಪ್ ನೀರು ಕುಡಿದು, ಬಿಸಿಲಿಗೆ ಪುಡಿಯಾಗುತ್ತದೆ.

ಆದರೆ ಸದ್ದು ಬರುವ ಕಡೆಯೆಲ್ಲ ರಬ್ಬರ್ ತುರುಕುವುದು ತಪ್ಪು. ಬೋಲ್ಟ್ ಬಿಗಿಹಿಡಿದಿರುವ ಜೋಡಣೆಯೊಳಗೆ, ಎಂದರೆ ರೇಲಿಗೂ ಅಡ್ಡಪಟ್ಟಿಗೂ ನಡುವೆ, ಮೆತ್ತನೆಯ ರಬ್ಬರ್ ಹಾಕಿದರೆ ಒಂದಷ್ಟು ದಿನ ನಿಶ್ಶಬ್ದ. ಆಮೇಲೆ ರಬ್ಬರ್ ಅಪ್ಪಚ್ಚಿಯಾಗಿ ಬೋಲ್ಟಿನ ಎಳೆತವೇ ಹೋಗಿ, ಸದ್ದು ಮೊದಲಿಗಿಂತ ಜೋರಾಗುತ್ತದೆ. ಅಲ್ಲಿ ಲೋಹಕ್ಕೆ ಲೋಹ ಕಚ್ಚಿ ಕೂರಬೇಕು. ರಬ್ಬರ್ ಏನಿದ್ದರೂ ಬೋಲ್ಟ್ ಇಲ್ಲದೆ ಬರೀ ತಾಗುವ ಜಾಗಕ್ಕೆ. ಕಾಲಿನ ಕೆಳಗೆ ಕಂಪನಿಯೇ ಕೊಟ್ಟ ಗಟ್ಟಿ ಪ್ಯಾಡ್‌ಗೆ ಈ ಮಾತು ಅನ್ವಯಿಸದು.

ಬೋಲ್ಟ್ ಸಡಿಲವಾಗುವುದು ಯಾಕೆ? ಜೋಡಣೆ ಅಡ್ಡಡ್ಡಕ್ಕೆ ಕೂದಲೆಳೆಯಷ್ಟು ಜಾರಿದರೂ ನಟ್ ತಾನಾಗಿ ತಿರುಗುತ್ತದೆ. ಜರ್ಮನಿಯ ಎಂಜಿನಿಯರ್ ಯಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿದ್ದು ಇದನ್ನೇ. ಇಂಥ ಅಡ್ಡ ಅಲುಗಾಟದ ಮುಂದೆ ಸ್ಪ್ರಿಂಗ್ ವಾಷರ್ ನಿಲ್ಲುವುದಿಲ್ಲ, ಈ ಕಿಟ್‌ನಲ್ಲಿ ಮಾತ್ರ ಅದನ್ನೇ ಧಾರಾಳವಾಗಿ ಕೊಟ್ಟಿದ್ದಾರೆ. ಜೊತೆಗೆ ಬಿಸಿಲಿನ ಕಾಟ. 1.4 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ 40 ಡಿಗ್ರಿ ಬಿಸಿಯೇರಿದರೆ, ಅಷ್ಟೇ ಉದ್ದದ ಉಕ್ಕಿಗಿಂತ ಸುಮಾರು 0.6 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ಉಕ್ಕಿನ ಬಾಡಿಯ ಮೇಲೆ ಕೂತ ಕಾಲುಗಳನ್ನು ದಿನವೂ ಎಳೆದು ಬಿಡುವುದು ಈ ವ್ಯತ್ಯಾಸವೇ.

ಬಿಗಿ ಮಾಡುವಾಗ ಕ್ರಮ ಮುಖ್ಯ. ಎಲ್ಲ ಕಾಲುಗಳನ್ನೂ ಅರ್ಧ ಸುತ್ತು ಸಡಿಲಿಸಿ, ಚೌಕಟ್ಟು ತನ್ನಷ್ಟಕ್ಕೆ ಕೂರಲಿ. ಎರಡೂ ಕರ್ಣ ಅಳೆಯಿರಿ, 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೈಯಲ್ಲೇ ಒತ್ತಿ ಸರಿಪಡಿಸಿ. ಆಮೇಲೆ ಅಡ್ಡಪಟ್ಟಿಗಳ ಬೋಲ್ಟ್, ಕೊನೆಗೆ ಎದುರುಬದುರು ಮೂಲೆಯ ಕಾಲುಗಳು. ಕಾಲನ್ನು ಮೊದಲೇ ಬಿಗಿದರೆ ಸೊಟ್ಟಗಿದ್ದ ಚೌಕಟ್ಟು ಸೊಟ್ಟಗೇ ನಿಂತು, ಒಂದು ಕಾಲು ಸದಾ ಎತ್ತಿಕೊಂಡೇ ಇರುತ್ತದೆ. ಟಾರ್ಕ್‌ಗೆ, ಎಂದರೆ ಬೋಲ್ಟ್ ತಿರುಗಿಸುವ ಬಲಕ್ಕೆ, ಕೈಪಿಡಿಯ ಅಂಕಿಯೇ ಪ್ರಮಾಣ. ಅದಿಲ್ಲದಿದ್ದರೆ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿಗೆ ಎಂ6ಕ್ಕೆ (6 ಮಿ.ಮೀ. ದಪ್ಪದ್ದು) 7, ಎಂ8ಕ್ಕೆ 16 ನ್ಯೂಟನ್ ಮೀಟರ್ ಆಸುಪಾಸು ಸಾಕು. ತಗಡಿಗೆ ಕೂರಿಸಿದ ರಿವೆಟ್ ನಟ್ ಇದ್ದಲ್ಲಿ ಇನ್ನೂ ಕಡಿಮೆ, ಇಲ್ಲದಿದ್ದರೆ ನಟ್ ಗೂಡಿನಲ್ಲೇ ಸುತ್ತತೊಡಗುತ್ತದೆ. ಆಮೇಲೆ ಅದನ್ನು ಬಿಚ್ಚುವುದೂ ಕಷ್ಟ, ಬಿಗಿಯುವುದೂ ಕಷ್ಟ.

ಬೋಲ್ಟ್ ತಿರುಗದಂತೆ ಹಿಡಿಯುವ ಅಂಟು, ಥ್ರೆಡ್‌ಲಾಕರ್, ನೀಲಿಯದೇ ಇರಲಿ. ಕೆಂಪು ಹಾಕಿದರೆ ಬಿಚ್ಚಲು ಜೋರಾಗಿ ಕಾಯಿಸಬೇಕು, ಪಕ್ಕದಲ್ಲೇ ಗಾಡಿಯ ಬಣ್ಣ ಇರುತ್ತದೆ. ಥ್ರೆಡ್‌ನ ಎಣ್ಣೆ ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಂದು ಹನಿ ಹಾಕಿ, 24 ಗಂಟೆ ಗಾಡಿ ಓಡಿಸಬೇಡಿ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿರುವ ನಟ್) ಇದ್ದಲ್ಲಿ ಥ್ರೆಡ್‌ಲಾಕರ್ ಬೇಡ, ಆದರೆ ಬಿಚ್ಚಿದ ಮೇಲೆ ಹೊಸ ನಟ್ ಹಾಕಿ. ಸ್ಟೇನ್‌ಲೆಸ್ ನೈಲಾಕ್ ಅನ್ನು ಪವರ್ ಟೂಲ್‌ನಿಂದ ಸರ್ರನೆ ಏರಿಸಿದರೆ ಥ್ರೆಡ್ ಕಚ್ಚಿಕೊಂಡು, ಕೊನೆಗೆ ಬೋಲ್ಟ್ ಕತ್ತರಿಸಬೇಕಾಗುತ್ತದೆ.

ಗಾಳಿಯ ಸದ್ದಿಗೆ ಸ್ಲಾಟ್‌ನ ರಬ್ಬರ್ ಬೀಡಿಂಗ್ ಹಾಕಲೇಬೇಕು. ಬಿಸಿಲಿಗೆ ಕುಗ್ಗುವುದರಿಂದ ಎಳೆಯದೆ, ಒಂದೆರಡು ಸೆಂಟಿಮೀಟರ್ ಹೆಚ್ಚೇ ಕತ್ತರಿಸಿ ಒತ್ತಿ ಕೂರಿಸಿ. ಅದಕ್ಕೂ ಬಗ್ಗದಿದ್ದರೆ ಮುಂದಿನ ಪಟ್ಟಿಗೆ 6 ಮಿ.ಮೀ. ಹಗ್ಗವನ್ನು ಸುರುಳಿಯಾಗಿ ಸುತ್ತಿ. ಪಟ್ಟಿಯ ಹಿಂದೆ ಒಂದೇ ಲಯದಲ್ಲಿ ಏಳುವ ಸುಳಿಗಳು ಚದುರುತ್ತವೆ. ನೋಡಲು ಚೆನ್ನಾಗಿಲ್ಲ, ಕೆಲಸ ಮಾತ್ರ ಪಕ್ಕಾ.

ಕೊಳ್ಳಬಹುದೇ ಎಂದರೆ, ವರ್ಷಕ್ಕೆರಡು ಸಲ ಸ್ಪ್ಯಾನರ್ ಹಿಡಿಯಲು ತಯಾರಿದ್ದವರಿಗೆ ಹೌದು. ಬೇಡ ಎನ್ನುವವರಿಗೆ ವೆಲ್ಡ್ ಮಾಡಿದ ಉಕ್ಕಿನ ಕ್ಯಾರಿಯರ್ ವಾಸಿ. ಅಲುಗುವ ಜೋಡಣೆ ಕಡಿಮೆ, ತೂಕ ಹೆಚ್ಚು, ಆ ತೂಕವನ್ನು ಗಾಡಿಯ ಮೇಲ್ಛಾವಣಿ ತಾಳುವ ಮಿತಿಯಿಂದಲೇ ಕಳೆಯಬೇಕು. ಇದನ್ನೇ ಇಟ್ಟುಕೊಳ್ಳುವವರು ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ, 100 ಕಿ.ಮೀ. ಓಡಿದ ಮೇಲೆ ಒಮ್ಮೆ ನೋಡಿ. ಗೆರೆ ತುಂಡಾಗಿ ಸರಿದಿದ್ದರೆ ಆ ಬೋಲ್ಟ್ ತಿರುಗಿದೆ. ಗೆರೆ ನೇರವಾಗಿದ್ದೂ ಸದ್ದು ಬಂದರೆ ಬೋಲ್ಟ್ ಬಿಟ್ಟು, ಪ್ಯಾಡ್ ಸವೆದಿದೆಯೇ ನೋಡಿ.