ಪ್ರಿಲೋಡ್ ಜೊತೆ ಐದು ವರ್ಷ: 4 ಜಿಬಿ ರ‍್ಯಾಮ್‌ನ ಅಂಗಡಿ ಲ್ಯಾಪ್‌ಟಾಪ್ ಕಥೆ

ಮೊದಲೇ ಹೇಳಿಬಿಡುತ್ತೇನೆ, ಪ್ರೋಗ್ರಾಂಗಳು ಬೇಗ ತೆರೆಯಲಿ ಅಂತ ಹಾಕಿಕೊಳ್ಳುವ ಈ ಪ್ರಿಲೋಡ್ ಅನ್ನು ಈಗ ನಾನು ಬಳಸುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹಳೇ ಹಾರ್ಡ್ ಡಿಸ್ಕ್ ಇಟ್ಟುಕೊಂಡು ಒದ್ದಾಡುವವರು ಇನ್ನೂ ತುಂಬಾ ಜನ ಇದ್ದಾರೆ.

ನನ್ನದು ತಿಪಟೂರಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. 2017ರಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. 4 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತಿನ ಹಾರ್ಡ್ ಡಿಸ್ಕ್. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಹಾಕಿದೆ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮೂರು ಬೇಕು: ಬ್ರೌಸರ್, ಲಿಬ್ರೆಆಫೀಸ್ ರೈಟರ್, ಫೋಟೊ ಕತ್ತರಿಸೋಕೆ ಗಿಂಪ್. ಗಿಂಪ್ ತೆರೆಯುವಷ್ಟರಲ್ಲಿ ಗಿರಾಕಿ ಎದುರಿನ ಹೋಟೆಲಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಸುಮ್ನೆ ಹೇಳುತ್ತಿಲ್ಲ, ಒಬ್ಬರು ನಿಜಕ್ಕೂ ಹೋಗಿ ಬಂದಿದ್ದಾರೆ.

2018ರಲ್ಲಿ ಪ್ರಿಲೋಡ್ ಹಾಕಿದೆ. ಇದು ಹಿಂದೆ ಕೂತು ನಮ್ಮ ಅಭ್ಯಾಸ ನೋಡುವ ಸಣ್ಣ ಪ್ರೋಗ್ರಾಂ. 20 ಸೆಕೆಂಡಿಗೊಮ್ಮೆ ಯಾವ್ಯಾವ ಪ್ರೋಗ್ರಾಂ ಓಡುತ್ತಿದೆ, ಅವು ಯಾವ ಫೈಲುಗಳನ್ನು ಮೆಮೊರಿಗೆ ಎಳೆದುಕೊಂಡಿವೆ, ಒಂದು ಓಡುವಾಗ ಇನ್ಯಾವುದು ಶುರುವಾಗುತ್ತದೆ ಅಂತ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಮಾರ್ಕೊವ್ ಚೈನ್ ಲೆಕ್ಕದಲ್ಲಿ (ಈಗಿನ ಸ್ಥಿತಿ ನೋಡಿ ಮುಂದಿನದರ ಸಾಧ್ಯತೆ ಹೇಳುವ ಗಣಿತ) ಮುಂದೆ ಏನು ತೆರೆಯಬಹುದು ಅಂತ ಊಹಿಸಿ, ಅದರ ಫೈಲುಗಳನ್ನು ಖಾಲಿ ಮೆಮೊರಿಗೆ ಮೊದಲೇ ಓದಿಡುತ್ತದೆ. ದಿನಾ ಬರುವ ಗಿರಾಕಿ ರಸ್ತೆ ತಿರುವಿನಲ್ಲಿ ಕಂಡ ಕೂಡಲೇ ಭಟ್ಟರು ಕಾವಲಿಗೆ ದೋಸೆ ಹುಯ್ಯುತ್ತಾರಲ್ಲ, ಹಾಗೆ.

ಇದನ್ನು ಬರೆದವರು ಬೆಹ್ದಾದ್ ಎಸ್ಫಾಹ್‌ಬೋದ್. 2005ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಶುರುವಾದ ಕೆಲಸ. ಈ ಹೆಸರು ಕೇಳಿಲ್ಲ ಅಂದುಕೊಳ್ಳಬೇಡಿ, ಹಾರ್ಫ್‌ಬಜ್ ಕೂಡ ಇವರದೇ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುವಂತೆ ಮಾಡುವುದು ಅದೇ. ಒಂದು ರೀತಿಯಲ್ಲಿ ನನ್ನ ಅಂಗಡಿಗೆ ಅವರ ಋಣ ಎರಡು ಸಲ ಇದೆ.

ಮೊದಲ ವಾರ ಏನೂ ಗೊತ್ತಾಗಲಿಲ್ಲ. ಕಲಿಯೋಕೆ ಟೈಮ್ ಬೇಕು. ಆಮೇಲೆ ರೈಟರ್ ಬೇಗ ತೆರೆಯತೊಡಗಿತು, ಗಿಂಪ್ ಕೂಡ. ಕ್ರೋಮ್ ಮಾತ್ರ ಹಾಗೇ ಇತ್ತು. ಎರಡು ತಿಂಗಳು ತಲೆ ಕೆರೆದುಕೊಂಡ ಮೇಲೆ ಕಾನ್ಫಿಗ್ ಫೈಲ್ ತೆರೆದು ನೋಡಿದರೆ, ಪ್ರಿಲೋಡ್ ಮುಖ್ಯವಾಗಿ ಯುಎಸ್‌ಆರ್ ಫೋಲ್ಡರಿನ ಪ್ರೋಗ್ರಾಂಗಳನ್ನಷ್ಟೇ ಗಮನಿಸುತ್ತದೆ. ಕ್ರೋಮ್ ಕೂರುವುದು ಆಪ್ಟ್ ಫೋಲ್ಡರಿನಲ್ಲಿ! ನಾನು ದಿನಾ ಎಲ್ಲಕ್ಕಿಂತ ಜಾಸ್ತಿ ಬಳಸುವುದು ಅದರ ಕಣ್ಣಿಗೇ ಬಿದ್ದಿರಲಿಲ್ಲ. ಒಂದು ಸಾಲು ಸೇರಿಸಿದೆ, ಸರಿಹೋಯಿತು.

ಇನ್ನೊಂದು ತಮಾಷೆ ಕೇಳಿ. ರಜೆಗೆ ಬಂದ ಅಕ್ಕನ ಮಗ ಅಂಗಡಿಯಲ್ಲಿ ಕೂತಿದ್ದ. "ಮಾಮ, ರ‍್ಯಾಮ್ ಎಲ್ಲಾ ಫುಲ್ ಆಗಿದೆ, ನಾನು ಕ್ಲೀನ್ ಆಗೋ ಹಾಗೆ ಮಾಡಿದ್ದೀನಿ" ಅಂದ. ಯಾವುದೋ ವಿಡಿಯೊ ನೋಡಿ, ಹತ್ತು ನಿಮಿಷಕ್ಕೊಮ್ಮೆ ಕ್ಯಾಶ್ (ಡಿಸ್ಕಿನಿಂದ ಓದಿ ರ‍್ಯಾಮ್‌ನಲ್ಲಿ ಇಟ್ಟುಕೊಂಡ ಫೈಲುಗಳು) ಖಾಲಿ ಮಾಡುವ ಸಾಲನ್ನು, ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿಬಿಟ್ಟಿದ್ದ. ಅಂದರೆ ಪ್ರಿಲೋಡ್ ಪಾಪ ತುಂಬಿಡುವುದು, ಇದು ಬಂದು ಗುಡಿಸಿ ಹಾಕುವುದು. ಒಂದು ವಾರ ಇಬ್ಬರೂ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ. ಆವತ್ತು ಅವನನ್ನು ಕೂರಿಸಿಕೊಂಡು ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್ ಕೊಟ್ಟು ತೋರಿಸಿದೆ: "ಫ್ರೀ ಅನ್ನೋ ಕಾಲಂ ನೋಡ್ಬೇಡ ಕಣೋ, ಅವೈಲಬಲ್ ಅನ್ನೋದನ್ನ ನೋಡು." ಕ್ಯಾಶ್‌ನಲ್ಲಿ ಇರುವುದನ್ನು ಬೇಕಾದಾಗ ಲಿನಕ್ಸ್ ತಾನೇ ಬಿಟ್ಟುಕೊಡುತ್ತದೆ. ಸುಮ್ನೆ ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ಯಾರಿಗೂ ಲಾಭ ಇಲ್ಲ.

ಕೊರತೆಗಳೂ ಇವೆ. ಕಲಿತದ್ದನ್ನು ಅದು ಗಂಟೆಗೊಮ್ಮೆ ಡಿಸ್ಕಿಗೆ ಬರೆಯುತ್ತದೆ. ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಅಷ್ಟು ಹೊತ್ತಿನ ಕಲಿಕೆ ಹೋಯಿತು. ಗಡಿಯಾರ, ಕ್ಯಾಲೆಂಡರ್ ಅದಕ್ಕೆ ಗೊತ್ತಿಲ್ಲ. ಜೂನ್ ಬಂತೆಂದರೆ ನಮ್ಮಲ್ಲಿ ಅಡ್ಮಿಷನ್, ಸ್ಕಾಲರ್‌ಶಿಪ್ ಗಲಾಟೆ, ಕೆಲಸವೇ ಬದಲಾಗುತ್ತದೆ: ದಿನವಿಡೀ ಸ್ಕ್ಯಾನ್ ಮಾಡು, ಫೋಟೊ 50 ಕೆಬಿ ಒಳಗೆ ಇಳಿಸು, ಪಿಡಿಎಫ್ ಜೋಡಿಸು. ಕೆಲವು ದಿನ ಅದು ಹಳೇ ಲೆಕ್ಕದಲ್ಲೇ ಇರುತ್ತಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಅದು ಬಳಸುವುದು ಖಾಲಿ ಮೆಮೊರಿಯ ಅರ್ಧ, ಅದರಲ್ಲೂ ಒಟ್ಟು ಮೆಮೊರಿಯ ಶೇ. 10ರಷ್ಟನ್ನು ಕಳೆಯುತ್ತದೆ. ಇಪ್ಪತ್ತು ಟ್ಯಾಬ್ ತೆರೆದು ಕೂತಾಗ ಖಾಲಿ ಎಲ್ಲಿಂದ ಬರಬೇಕು? ನನಗೆ ಮೆಷಿನ್ ತೀರಾ ಸತಾಯಿಸುವ ಹೊತ್ತಿನಲ್ಲೇ ಪ್ರಿಲೋಡ್ ಕೈಕಟ್ಟಿ ಕೂತಿರುತ್ತಿತ್ತು. ಆಗ ನಾನೂ ಒಂದು ಎಡವಟ್ಟು ಮಾಡಿದೆ. ಯಾರೋ ಹೇಳಿದರು ಅಂತ ಸ್ವಾಪಿನೆಸ್ ಅನ್ನು (ಬಳಸದ ಪ್ರೋಗ್ರಾಂಗಳ ಮೆಮೊರಿಯನ್ನು ಎಷ್ಟು ಸುಲಭವಾಗಿ ಸ್ವಾಪ್‌ಗೆ, ಅಂದರೆ ಮಾಮೂಲಾಗಿ ಡಿಸ್ಕಿಗೆ, ಕಳಿಸಬೇಕು ಅಂತ ಹೇಳುವ ಸಂಖ್ಯೆ) 60ರಿಂದ 1ಕ್ಕೆ ಇಳಿಸಿದೆ. ಬೆಳಿಗ್ಗೆಯಿಂದ ಮುಟ್ಟದ ಗಿಂಪ್ ರ‍್ಯಾಮ್‌ನಲ್ಲೇ ಬೇರೂರಿತು, ಈಗ ಬೇಕಾದ ಬ್ರೌಸರಿನ ಫೈಲುಗಳು ಆಚೆ ಹೋಗಿ ಮತ್ತೆ ಮತ್ತೆ ಡಿಸ್ಕಿನಿಂದ ಬರತೊಡಗಿದವು. ಕೌಂಟರಿನ ಮುಂದೆ ಆರು ಜನ, ಡಿಸ್ಕ್ ಲೈಟ್ ಆರುತ್ತಲೇ ಇಲ್ಲ, ಮೌಸ್ ಅಲ್ಲಾಡುತ್ತಿಲ್ಲ. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದೆ.

2022ರಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದೆ. ಪ್ರಿಲೋಡ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವೇ ಕಾಣಲಿಲ್ಲ. ಹಾರ್ಡ್ ಡಿಸ್ಕಿನ ಮುಳ್ಳು ಅಲ್ಲಿಗೂ ಇಲ್ಲಿಗೂ ಓಡಾಡುವ ಸಮಯ ಉಳಿಸುವುದೇ ಅದರ ಕೆಲಸ, ಆ ಓಡಾಟವೇ ಇಲ್ಲವಲ್ಲ. ಮಾರನೇ ವರ್ಷ ಡೆಬಿಯನ್ 12ಕ್ಕೆ ಬಂದಾಗ ಝಡ್‌ರ‍್ಯಾಮ್ ಹಾಕಿದೆ, ಅದು ಬಳಸದ ಪುಟಗಳನ್ನು (ಮೆಮೊರಿಯ ಸಣ್ಣ ತುಂಡುಗಳನ್ನು) ಡಿಸ್ಕಿಗೆ ಕಳಿಸದೆ ರ‍್ಯಾಮ್‌ನಲ್ಲೇ ಒತ್ತಿ ಸಣ್ಣದು ಮಾಡಿ ಇಡುತ್ತದೆ. ಸ್ವಾಪಿನೆಸ್ 100ಕ್ಕೆ ಏರಿಸಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 6.1 ಆವೃತ್ತಿಯಲ್ಲಿ ಬಂದ ಎಂಜಿಎಲ್‌ಆರ್‌ಯು ಕೂಡ ಆನ್ ಮಾಡಿದೆ. ಅದು ಪುಟಗಳನ್ನು ಇತ್ತೀಚೆಗೆ ಮುಟ್ಟಿದ್ದು, ಹಳೆಯದು ಅಂತ ತಲೆಮಾರುಗಳಾಗಿ ವಿಂಗಡಿಸಿ, ತೀರಾ ಹಳೆಯದನ್ನು ಮೊದಲು ಹೊರಹಾಕುತ್ತದೆ. ಮುಂದೆ ಏನು ಬೇಕು ಅಂತ ಊಹಿಸುವುದಕ್ಕಿಂತ ಯಾವುದು ಬೇಡ ಅಂತ ಸರಿಯಾಗಿ ತಿಳಿಯುವುದು ನನ್ನಂಥ ಕಡಿಮೆ ರ‍್ಯಾಮ್ ಮೆಷಿನ್‌ಗೆ ಜಾಸ್ತಿ ಉಪಯೋಗಕ್ಕೆ ಬಂತು.

ಹಾರ್ಡ್ ಡಿಸ್ಕ್ ಇದ್ದು, ದಿನಾ ಒಂದೇ ಥರದ ಕೆಲಸ ಇದ್ದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಎಸ್‌ಎಸ್‌ಡಿ ಇದ್ದವರು ಹಾಕುವುದೇ ಬೇಡ. 2009ರ 0.6.4 ಆದಮೇಲೆ ಹೊಸ ಆವೃತ್ತಿಯನ್ನೂ ನಾನು ಕಂಡಿಲ್ಲ.

ತೆಗೆದುಹಾಕುವ ದಿನ ಅದರ ಸ್ಟೇಟ್ ಫೈಲ್ ತೆರೆದು ನೋಡಿದೆ. ಮಾಮೂಲಿ ಪಠ್ಯ ಫೈಲ್, ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಿದೆ ಅಂತ ಲೆಕ್ಕ ಇರುತ್ತದೆ. ಮೊದಲು ಕ್ರೋಮ್, ಎರಡನೆಯದು ರೈಟರ್. ಮೂರನೆಯದು ಗಿಂಪ್ ಇರಬಹುದು ಅಂದುಕೊಂಡಿದ್ದೆ. ಸಾಲಿಟೇರ್ ಇತ್ತು. ಅಕ್ಕನ ಮಗನಿಗೆ ಫೋನ್ ಮಾಡಿ ಕೇಳಿದರೆ, "ನಾನು ಬಂದಿದ್ದು ಎರಡೇ ಬೇಸಿಗೆ ರಜೆ ಮಾಮ" ಅಂದ.