ಟರ್ಲೋ ಹಿಲ್: ಯಾವ ಕಡೆಯಿಂದ ಹತ್ತೋದು?

ಐರ್ಲೆಂಡಿನ ವಿಕ್ಲೋ ಬೆಟ್ಟಗಳಲ್ಲಿ ಇದೊಂದು ವಿಚಿತ್ರ ಗುಡ್ಡ. ತಲೆಯ ಮೇಲೇ ಕೆರೆ! ಕೆಳಗಿನ ಸರೋವರದಿಂದ ನೀರು ಮೇಲೆತ್ತಿ, ಬೇಕಾದಾಗ ಇಳಿಸಿ 292 ಮೆಗಾವ್ಯಾಟ್‌ವರೆಗೆ ಕರೆಂಟ್ ತೆಗೆಯುತ್ತಾರೆ.

ಮಕ್ಕಳಿದ್ದರೆ, ಸಮಯ ಕಡಿಮೆಯಿದ್ದರೆ, ಬೆಟ್ಟಗಳ ನಡುವಿನ ಘಾಟಿಯಾದ ವಿಕ್ಲೋ ಗ್ಯಾಪ್‌ನಿಂದ ಹೊರಡಿ. ಏರಬೇಕಾದದ್ದು ಸುಮಾರು 200 ಮೀಟರ್, ಅದೂ ಟಾರು ರಸ್ತೆಯಲ್ಲಿ. ಸ್ವಲ್ಪ ಬೇಜಾರಿನ ದಾರಿ, ಆದರೆ ಮಂಜು ಕವಿದರೂ ದಾರಿ ತಪ್ಪಲ್ಲ. ಅಲ್ಲಿಗೆ ಸ್ವಂತ ಕಾರು ಬೇಕು.

ಡಬ್ಲಿನ್‌ನಿಂದ ಬಸ್ಸಲ್ಲಿ ಬರುವವರಿಗೆ ಗ್ಲೆಂಡಲಾಕ್ ಕಣಿವೆಯಿಂದ ಹತ್ತೋದು ಸರಿ. 698 ಮೀಟರಿನ ಕ್ಯಾಮಡೆರಿ ಬೆಟ್ಟ ದಾಟಿ ಬರಬೇಕು. ಏರು ಎರಡು ಪಟ್ಟಿಗೂ ಜಾಸ್ತಿ. ಮೇಲೆ ಜವುಗು ನೆಲ, ಬೂಟು ಕಪ್ಪು ಕೆಸರಲ್ಲಿ ಪಚಕ್ ಅಂತ ಹೂತುಹೋಗುತ್ತೆ. ನಡೆಯೋದೇ ಖುಷಿ ಅನ್ನುವವರಿಗೆ ಇದೇ ದಾರಿ. ಮಂಜಿದ್ದರೆ ಮಾತ್ರ ಬೇಡ.