ಫಂಕ್ಷನಲ್ ಗ್ರೂಪ್ ಟೆಸ್ಟ್ ಕಿಟ್: ಬಾಟಲಿಗಳು ಚೆನ್ನಾಗಿವೆ, ಪುಸ್ತಕ ಬೇಡ

ವಿಜಯಪುರದಲ್ಲಿ ಮನೆಯಲ್ಲೇ ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತೇನೆ. ದ್ವಿತೀಯ ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಫಂಕ್ಷನಲ್ ಗ್ರೂಪ್ (ಒಂದು ವಸ್ತುವಿನ ಗುಣ ನಿರ್ಧರಿಸುವ ಪರಮಾಣುಗಳ ಗುಂಪು) ಗುರುತಿಸುವುದು ಇರುತ್ತದಲ್ಲ, ಅದಕ್ಕೆಂದೇ ಬರುವ ಒಂದು ರೆಡಿ ಕಿಟ್ ತಂದೆ. ಬೆಲೆ 1,850 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ಪೆಟ್ಟಿಗೆಯಲ್ಲಿ ಸಣ್ಣ ಡ್ರಾಪರ್ ಬಾಟಲಿಗಳು, ಟೆಸ್ಟ್ ಟ್ಯೂಬ್‌ಗಳು, ಒಂದು ತೆಳ್ಳನೆ ಪುಸ್ತಕ.

ಮೊದಲು ಒಳ್ಳೆಯದು ಹೇಳುತ್ತೇನೆ. ಫೆಹ್ಲಿಂಗ್ ಎಂದರೆ ಆಲ್ಡಿಹೈಡ್ ಗುಂಪನ್ನೂ ಕೆಲವು ಸಕ್ಕರೆಗಳನ್ನೂ ಗುರುತಿಸುವ ನೀಲಿ ತಾಮ್ರದ ದ್ರಾವಣ. ಅದರ ಎ ಮತ್ತು ಬಿ ಭಾಗ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದಾರೆ. ಇದು ಸರಿಯಾದ ಕ್ರಮ. ಬೆರೆಸಿಟ್ಟರೆ ಅದು ಬಾಳುವುದಿಲ್ಲ. ಬಿ ಬಾಟಲಿಯಲ್ಲಿ ಕ್ಷಾರದ ಜೊತೆ ಟಾರ್ಟಾರಿಕ್ ಆಮ್ಲದ ಲವಣ ಇರುತ್ತದೆ. ನಮ್ಮ ತಿಕೋಟಾ ದ್ರಾಕ್ಷಿಯ ಹುಳಿಯಲ್ಲಿರುವುದೂ ಇದೇ ಆಮ್ಲ. ತಾಮ್ರ ತಳಕ್ಕೆ ಕೂರದಂತೆ ಹಿಡಿದಿಡುವುದು ಅದರ ಕೆಲಸ. ಒಣದ್ರಾಕ್ಷಿ ನೆನೆಸಿದ ನೀರು ಹಾಕಿ ಬಿಸಿ ಮಾಡಿದರೆ ನೀಲಿ ಹೋಗಿ ಇಟ್ಟಿಗೆ ಕೆಂಪು ಬರುತ್ತದೆ, ಅದು ಕ್ಯೂಪ್ರಸ್ ಆಕ್ಸೈಡ್. ಮಹಾಲಿಂಗಪುರದ ಬೆಲ್ಲವೂ ಕೆಂಪು ಕೊಡುತ್ತದೆ. ಬಿಳಿ ಸಕ್ಕರೆ ಕೊಡುವುದಿಲ್ಲ. ಹುಡುಗರು ಇಲ್ಲೇ ತಡೆದು ಕೇಳುತ್ತಾರೆ, ಎರಡೂ ಕಬ್ಬಿನದೇ ಅಲ್ವಾ ಮೇಡಂ ಅಂತ. ಬೆಲ್ಲದಲ್ಲಿ ಒಡೆದ ಸಕ್ಕರೆ, ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್, ಸ್ವಲ್ಪ ಇರುತ್ತದೆ. ಫ್ರಕ್ಟೋಸ್ ಕೀಟೋನ್ (ಸಾಮಾನ್ಯವಾಗಿ ಈ ಟೆಸ್ಟ್ ಕೊಡದ ಗುಂಪು) ಆದರೂ ಕ್ಷಾರದಲ್ಲಿ ರೂಪ ಬದಲಿಸಿಕೊಂಡು ಟೆಸ್ಟ್ ಕೊಟ್ಟುಬಿಡುತ್ತದೆ.

ಈಗ ಪುಸ್ತಕ. "ಆಲ್ಡಿಹೈಡ್‌ಗಳು ಫೆಹ್ಲಿಂಗ್ ಟೆಸ್ಟ್ ಕೊಡುತ್ತವೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆದರೆ ಇದೇ ಕಿಟ್‌ನಲ್ಲಿ ಆಲ್ಡಿಹೈಡ್ ಸ್ಯಾಂಪಲ್ ಎಂದು ಕೊಟ್ಟಿರುವುದು ಬೆಂಜಾಲ್ಡಿಹೈಡ್! ಅದು ಫೆಹ್ಲಿಂಗ್ ಕೊಡುವುದಿಲ್ಲ, ಟಾಲೆನ್ಸ್ ಟೆಸ್ಟ್ (ಬೆಳ್ಳಿಯ ದ್ರಾವಣದಿಂದ ಟ್ಯೂಬ್ ಒಳಗೆ ಬೆಳ್ಳಿ ಕನ್ನಡಿ ಬರುವ ಟೆಸ್ಟ್) ಕೊಡುತ್ತದೆ. ಮಕ್ಕಳು ಕಾಯಿಸಿದ್ದೇ ಕಾಯಿಸಿದ್ದು, ಬಣ್ಣ ಬದಲಾಗಲೇ ಇಲ್ಲ. ಬರೆದವರು ಒಮ್ಮೆ ಮಾಡಿ ನೋಡಿದ್ದರೆ ಈ ಸಾಲು ಹೀಗಿರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತಕರಾರು ಟಾಲೆನ್ಸ್ ಬಾಟಲಿಯದು. ಬೆರೆಸಿ, ಸೀಲ್ ಮಾಡಿ, ತಾರೀಕು ಕೂಡ ಇಲ್ಲದೆ ಕೊಟ್ಟಿದ್ದಾರೆ. ಟಾಲೆನ್ಸ್ ರಿಯೇಜೆಂಟ್ ಹೀಗೆ ಇಡುವ ವಸ್ತುವಲ್ಲ. ಇಟ್ಟಷ್ಟೂ ಅದರಲ್ಲಿ ಬೆಳ್ಳಿಯ ನೈಟ್ರೈಡ್ ಹುಟ್ಟಬಹುದು, ಅದು ಸುಮ್ನೆ ಅಲುಗಾಡಿಸಿದರೂ ಸಿಡಿಯುವಂಥದ್ದು. ಅಂಗಡಿಯವರಿಗೆ ಫೋನ್ ಮಾಡಿದರೆ "ಅದು ಕಂಪನಿಯಿಂದ್ಲೇ ಹಂಗ ಬರ್ತದ್ರೀ ಮೇಡಂ" ಎಂದರು. ಕಂಪನಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ. ನೀವು ಈ ಕಿಟ್ ಕೊಳ್ಳುವುದಾದರೆ ಆ ಬಾಟಲಿ ತೆಗೆಸಿಯೇ ತನ್ನಿ. ಸಿಲ್ವರ್ ನೈಟ್ರೇಟ್, ಸೋಡಿಯಂ ಹೈಡ್ರಾಕ್ಸೈಡ್, ಅಮೋನಿಯ ಬೇರೆಯಾಗಿ ತಂದು ಆ ಹೊತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಿ. ಮೊದಲು ಕಂದು ಬಣ್ಣದ ಸಿಲ್ವರ್ ಆಕ್ಸೈಡ್ ಬರುತ್ತದೆ, ಅದು ಕರಗುವವರೆಗೆ ಅಮೋನಿಯ ಹನಿ ಹನಿಯಾಗಿ ಹಾಕಬೇಕು. ಟ್ಯೂಬ್ ಬೆಂಕಿಗೆ ಹಿಡಿಯಬೇಡಿ, ಬಿಸಿನೀರಿನಲ್ಲಿಡಿ. ಕನ್ನಡಿ ಬಂದ ಮೇಲೆ ಉಳಿದದ್ದನ್ನು ತೆಳು ನೈಟ್ರಿಕ್ ಆಮ್ಲ ಹಾಕಿ ಕೆಡಿಸಿ, ಅವತ್ತೇ ಚೆಲ್ಲಿ.

ಕಿಟ್‌ನ ಇನ್ನೊಂದು ಸ್ಯಾಂಪಲ್ ಫೀನಾಲ್ ಬಗ್ಗೆ ನಮ್ಮ ಊರಿನವರಿಗೊಂದು ಮಾತು. ಅದು ಸುಮಾರು 41 ಡಿಗ್ರಿಗೆ ಕರಗುತ್ತದೆ. ಇಲ್ಲಿ ಏಪ್ರಿಲ್-ಮೇ ತಿಂಗಳು ಹೇಗಿರುತ್ತದೆ ಗೊತ್ತಲ್ಲ. ಹರಳು ಎಂದುಕೊಂಡು ತೆರೆದರೆ ಒಳಗೆ ನೀರಾಗಿರುತ್ತದೆ. ಈ ಕಿಟ್‌ನ ಮುಚ್ಚಳ ಬಿಗಿಯಿಲ್ಲ, ಪೆಟ್ಟಿಗೆಯ ತಳಕ್ಕೆ ಇಳಿದಿತ್ತು. ಫೀನಾಲ್ ಚರ್ಮ ಸುಡುತ್ತದೆ. ಮೊದಮೊದಲು ಆ ಜಾಗ ಮರಗಟ್ಟುವುದರಿಂದ ಉರಿಯೂ ಗೊತ್ತಾಗುವುದಿಲ್ಲ. ಗ್ಲೌಸ್ ಕೊಟ್ಟಿಲ್ಲ, ನೀವೇ ತನ್ನಿ.

ಆಮ್ಲ ಗುರುತಿಸುವ ಸೋಡಿಯಂ ಬೈಕಾರ್ಬೊನೇಟ್, ಫೀನಾಲ್ ಗುರುತಿಸುವ ಫೆರಿಕ್ ಕ್ಲೋರೈಡ್, ಆಲ್ಡಿಹೈಡ್-ಕೀಟೋನ್ ಗುರುತಿಸುವ 2,4-ಡಿಎನ್‌ಪಿ ಮೂರೂ ಚೊಕ್ಕ ಕೆಲಸ ಮಾಡಿದವು. ಇಂಡಿ ಲಿಂಬೆ ಹಿಂಡಿ ಬೈಕಾರ್ಬೊನೇಟ್ ಹಾಕಿದರೆ ಬುಸ್ಸೆಂದು ನೊರೆ ಬಂತು, ಫೀನಾಲ್‌ಗೆ ಬರಲಿಲ್ಲ. ಲಿಂಬೆಯ ಆಮ್ಲ, ಫೀನಾಲ್ ಎರಡರಲ್ಲೂ ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಇದ್ದರೂ ಫೀನಾಲ್ ಅಷ್ಟು ಬಲವಾದ ಆಮ್ಲವಲ್ಲ ಎನ್ನುವುದನ್ನು ಬೋರ್ಡ್ ಮೇಲೆ ಬರೆಯುವ ಕೆಲಸ ಉಳಿಯಿತು.

ಅಮೀನ್ ಗುಂಪಿನ ಅನಿಲೀನ್ ಗುರುತಿಸಲು ಬಣ್ಣ ಬರಿಸುವ ಆಜೋ ಡೈ ಟೆಸ್ಟ್‌ಗೆ ಪುಸ್ತಕ "ತಣ್ಣೀರು ಸಾಕು" ಎನ್ನುತ್ತದೆ. ಸಾಲದು. 0ರಿಂದ 5 ಡಿಗ್ರಿಯೊಳಗೆ ಇಡದಿದ್ದರೆ ಅನಿಲೀನ್‌ನಿಂದ ಮೊದಲು ಹುಟ್ಟುವ ಡಯಜೋನಿಯಂ ಲವಣ ಒಡೆದು ನೈಟ್ರೋಜನ್ ಬಿಟ್ಟು ಫೀನಾಲ್ ಆಗುತ್ತದೆ, ಬಣ್ಣ ಸರಿಯಾಗಿ ಬರುವುದಿಲ್ಲ. ಜ್ಯೂಸ್ ಅಂಗಡಿಯಿಂದ ಐಸ್ ತಂದು, ಈ ಟೆಸ್ಟ್‌ಗೆ ಬೆರೆಸುವ ಮೂರೂ ದ್ರಾವಣದ ಟ್ಯೂಬ್ ಅದರಲ್ಲಿ ಹೂತಿಟ್ಟು ಮಾಡಿದಾಗ ಒಳ್ಳೆಯ ಕಿತ್ತಳೆ ಕೆಂಪು ಬಂತು.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ, ಅದೂ ಬಾಟಲಿಗಳಿಗೆ. ಅಂದಹಾಗೆ ಅದೇ ಅಂಗಡಿಯಲ್ಲಿ ಡಿಎನ್‌ಪಿ, ಫೆಹ್ಲಿಂಗ್, ಫೆರಿಕ್ ಕ್ಲೋರೈಡ್ ಬಿಡಿಯಾಗಿಯೂ ಸಿಗುತ್ತವೆ, ಕೇಳಿ ನೋಡಿ.